ಪಟ್ಟಿಯಲ್ಲಿ ಇಲ್ಲದ ಜೀನ್

ಫೈ ಎಕ್ಸ್ 174 ಎಂಬ ವೈರಸ್ಸಿನ ಇಡೀ ಜೀನೋಮ್ ಎರಡು ಹಾಳೆಯಲ್ಲಿ ಮುಗಿಯುತ್ತದೆ. ಸಾಲಿಗೆ ಅರವತ್ತು ಅಕ್ಷರ, ಹಾಳೆಗೆ ನಲವತ್ತೈದು ಸಾಲು. ಒಟ್ಟು 5,386 ಅಕ್ಷರ. ಎ, ಟಿ, ಜಿ, ಸಿ ಎಂಬ ನಾಲ್ಕು ಬಿಟ್ಟರೆ ಐದನೆಯ ಅಕ್ಷರವಿಲ್ಲ. ನಡುವೆ ಜಾಗ ಬಿಟ್ಟಿಲ್ಲ, ಪೂರ್ಣವಿರಾಮವಿಲ್ಲ. ಈ ವೈರಸ್ ಮನುಷ್ಯರ ತಂಟೆಗೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಇ. ಕೋಲಿ ಬ್ಯಾಕ್ಟೀರಿಯಾ. ಬ್ಯಾಕ್ಟೀರಿಯಾಗಳನ್ನೇ ಹಿಡಿಯುವ ಇಂಥ ವೈರಸ್‌ಗಳಿಗೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು, ಪ್ರಯೋಗಾಲಯದಲ್ಲಿ ಎಲ್ಲರ ಬಾಯಲ್ಲೂ ಅದು ಬರೀ ಫೇಜ್. ಡಿಗ್ರಿ ಕಾಲೇಜಿನಲ್ಲಿ ಮೈಕ್ರೋಬಯಾಲಜಿ ಪಾಠ ಮಾಡುವ ನಾನು ಕೊನೆಯ ವರ್ಷದ ಮಕ್ಕಳಿಗೆ ಈ ವಿಷಯ ಶುರು ಮಾಡುವ ದಿನ ಬೇರೇನೂ ಹೇಳದೆ ಈ ಎರಡು ಹಾಳೆಯ ಜೆರಾಕ್ಸ್ ಕೈಗಿಡುತ್ತೇನೆ.

ಮರುದಿನ ಅದೇ ಅಕ್ಷರಗಳನ್ನು ಕಂಪ್ಯೂಟರ್ ಲ್ಯಾಬಿನಲ್ಲಿ ಜೀನ್ ಹುಡುಕುವ ಒಂದು ಉಚಿತ ತಂತ್ರಾಂಶಕ್ಕೆ ಕೊಡಿಸುತ್ತೇನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪಟ್ಟಿ ಬರುತ್ತದೆ: ಇಲ್ಲಿಂದ ಇಲ್ಲಿಗೆ ಒಂದು ಜೀನ್, ಅಲ್ಲಿಂದ ಅಲ್ಲಿಗೆ ಇನ್ನೊಂದು. ಮಕ್ಕಳಿಗೆ ಖುಷಿ. ಕಳೆದ ವರ್ಷ ಒಬ್ಬಳು ಮಾತ್ರ ಪಟ್ಟಿಯನ್ನೂ ಪಠ್ಯಪುಸ್ತಕದ ನಕ್ಷೆಯನ್ನೂ ಪಕ್ಕಪಕ್ಕ ಇಟ್ಟುಕೊಂಡು ಬೆರಳಿಟ್ಟು ನೋಡುತ್ತಾ ಕೂತಿದ್ದಳು. ಆಮೇಲೆ ಕೇಳಿದಳು: "ಮೇಡಂ, ಇದರಲ್ಲಿ ಇ ಜೀನ್ ಇಲ್ಲವಲ್ಲ?"

ಇರಲಿಲ್ಲ. ಬಿ ಜೀನೂ ಇರಲಿಲ್ಲ, ಕೆ ಜೀನೂ ಇರಲಿಲ್ಲ. ಆದರೆ ಇ ಇಲ್ಲದಿರುವುದು ಸಣ್ಣ ಸಂಗತಿಯಲ್ಲ. ಇ ಜೀನ್ ಹೇಳಿ ಮಾಡಿಸುವುದು 91 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನನ್ನು. ಬ್ಯಾಕ್ಟೀರಿಯಾ ತನ್ನ ಕೋಶಭಿತ್ತಿ ಕಟ್ಟಿಕೊಳ್ಳಲು ಬೇಕಾದ ಒಂದು ಕಿಣ್ವವನ್ನು ಈ ಪ್ರೋಟೀನ್ ತಡೆದು ನಿಲ್ಲಿಸುತ್ತದೆ. ಬ್ಯಾಕ್ಟೀರಿಯಾ ಬೆಳೆಯುತ್ತಲೇ ಇರುತ್ತದೆ, ಗೋಡೆ ಮಾತ್ರ ಬೆಳೆಯುವುದಿಲ್ಲ. ಕೊನೆಗೆ ಒಡೆಯುತ್ತದೆ, ಒಳಗೆ ತಯಾರಾದ ಹೊಸ ಫೇಜ್‌ಗಳು ಹೊರಬೀಳುತ್ತವೆ. ಪೆಟ್ರಿ ತಟ್ಟೆಯನ್ನು ಬೆಳಕಿಗೆ ಹಿಡಿದರೆ ಬ್ಯಾಕ್ಟೀರಿಯಾದ ಮಸುಕು ಪದರದ ನಡುನಡುವೆ ಸೂಜಿಮೊನೆಯಿಂದ ಸಾಸಿವೆಕಾಳಿನವರೆಗೆ ತಿಳಿಯಾದ ತೂತುಗಳು ಕಾಣುತ್ತವೆ. ಪ್ಲೇಕ್ ಎನ್ನುತ್ತೇವೆ. ಆ ಒಂದೊಂದು ತೂತೂ ಇ ಜೀನಿನ ಕೈಕೆಲಸ. ತಂತ್ರಾಂಶದ ಪಟ್ಟಿಯನ್ನು ನಂಬಿದರೆ, ಒಳಗೆ ಹೋಗಬಲ್ಲ ಆದರೆ ಎಂದೂ ಹೊರಗೆ ಬರಲಾರದ ಒಂದು ವೈರಸ್ಸನ್ನು ನಂಬಬೇಕಾಗುತ್ತದೆ.

ತಂತ್ರಾಂಶವನ್ನು ದೂರುವುದು ನನ್ನ ಉದ್ದೇಶವಲ್ಲ. ಒಂದು ಜೀನ್ ಇನ್ನೊಂದರ ಹೊಟ್ಟೆಯೊಳಗೆ ಪೂರ್ತಿ ಕೂತಿರುವುದು ಅಪರೂಪವೆಂದು ಅದನ್ನು ಬರೆದವರು ತೀರ್ಮಾನಿಸಿ, ಹಾಗೆ ಕಂಡದ್ದನ್ನು ಬಿಟ್ಟುಬಿಡಲು ಅದಕ್ಕೆ ಹೇಳಿಕೊಟ್ಟಿದ್ದಾರೆ. ಸಾವಿರ ಜೀನೋಮುಗಳಿಗೆ ಅದು ಒಳ್ಳೆಯ ತೀರ್ಮಾನವೇ. ನಾನು ವಾದಿಸಬೇಕೆಂದಿರುವುದು ಬೇರೆ ಮಾತು. ಜೀನೋಮಿನ ಅಕ್ಷರಗಳನ್ನು ಯಂತ್ರ ಕೈಗಿಟ್ಟ ಮೇಲೆಯೇ ಓದು ಶುರುವಾಗುತ್ತದೆ, ಆ ಓದು ಮನುಷ್ಯರ ವಿವೇಚನೆಯ ಕೆಲಸ, ಅದನ್ನು ನಮ್ಮ ಸಾಮಾನ್ಯ ಕಾಲೇಜುಗಳ ಮಕ್ಕಳ ಕೈಗೆ ಕೊಡಬೇಕು. ಫೇಜಿನಷ್ಟು ಹೇಳಿಮಾಡಿಸಿದ ಪಠ್ಯ ಇದಕ್ಕೆ ಬೇರೆ ಇಲ್ಲ.

ನಮ್ಮ ಹಳೆಯ ಶಾಸನಗಳನ್ನು ನೋಡಿದವರಿಗೆ ಈ ಎರಡು ಹಾಳೆ ಹೊಸದಲ್ಲ. ಕಲ್ಲಿನ ಮೇಲೆ ಅಕ್ಷರಗಳು ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ, ಪದ ಎಲ್ಲಿ ಮುಗಿಯಿತೆಂದು ಕಲ್ಲು ಹೇಳುವುದಿಲ್ಲ. ಲಿಪಿ ಗೊತ್ತಿದ್ದವರೆಲ್ಲ ಅಕ್ಷರಗಳನ್ನು ಗುರುತಿಸಬಹುದು. ಪದಚ್ಛೇದ ಮಾಡಲು ಭಾಷೆ ಗೊತ್ತಿರಬೇಕು, ಕಾಲ ಗೊತ್ತಿರಬೇಕು. 'ಅವಳಿಗೆಳೆಯರು' ಎಂದು ಬರೆದಿದ್ದರೆ ಜೋಡಿ ಗೆಳೆಯರೋ, ಅವಳಿಗೆ ಎಳೆಯರಾದವರೋ? ಎರಡೂ ಕನ್ನಡವೇ. ಹಿಂದುಮುಂದಿನ ಸಾಲು ನೋಡದೆ ಹೇಳಲಾಗುವುದಿಲ್ಲ.

ಜೀನೋಮಿನಲ್ಲಿ ಪದಗಳು ಮೂರು ಮೂರು ಅಕ್ಷರದವು. ಎಲ್ಲಿಂದ ಮೂರು ಎಣಿಸಲು ತೊಡಗಿದಿರಿ ಎನ್ನುವುದರ ಮೇಲೆ ಅರ್ಥ ನಿಂತಿದೆ. ಒಂದು ಅಕ್ಷರ ಆಚೆಗೆ ಸರಿದು ಎಣಿಸಿದರೆ ಅದೇ ಸಾಲು ಬೇರೆಯೇ ಪ್ರೋಟೀನನ್ನು ಹೇಳುತ್ತದೆ. ಜೆರಾಕ್ಸ್ ಹಾಳೆಯ ಏಳನೇ ಸಾಲಿನಲ್ಲಿ ಮೂವತ್ತನೇ ಅಕ್ಷರಕ್ಕೆ, ಅಂದರೆ 390ಕ್ಕೆ ಬನ್ನಿ. ಅಲ್ಲಿ ಎ-ಟಿ-ಜಿ-ಎ ಎಂದಿದೆ. ಮೊದಲ ಮೂರು, ಎ-ಟಿ-ಜಿ, ಡಿ ಜೀನಿನ ಆರಂಭ. ಕೊನೆಯ ಮೂರು, ಟಿ-ಜಿ-ಎ, ಅದಕ್ಕೆ ಹಿಂದಿನ ಸಿ ಜೀನಿನ ಮುಕ್ತಾಯ. ಒಂದು ಮುಗಿಯುವ ಮೊದಲೇ ಇನ್ನೊಂದು ಶುರುವಾಗಿರುತ್ತದೆ. ಹದಿನೈದನೇ ಸಾಲಿನಲ್ಲಿ ಟಿ-ಎ-ಎ-ಟಿ-ಜಿ ಎಂದಿದೆ. ಟಿ-ಎ-ಎಗೆ ಡಿ ಮುಗಿಯುತ್ತದೆ, ಎ-ಟಿ-ಜಿಗೆ ಜೆ ತೆರೆಯುತ್ತದೆ, ನಡುವಿನ ಎ ಇಬ್ಬರಿಗೂ ಸೇರಿದ್ದು. 'ದೇವಾಲಯ'ದ ದೀರ್ಘ ಯಾರದು, ದೇವನದೋ ಆಲಯದ್ದೋ ಎಂದು ಕೇಳಿದಂತೆ. ಮಕ್ಕಳಿಗೆ ಇದನ್ನು ಸಂಧಿ ಎಂದೇ ಹೇಳಿಕೊಡುತ್ತೇನೆ, ಒಮ್ಮೆ ಹೇಳಿದರೆ ಮರೆಯುವುದಿಲ್ಲ.

ಇ ಜೀನ್ ಇರುವುದು ಇವೆರಡರ ನಡುವೆ, ಹತ್ತನೇ ಸಾಲಿನಿಂದ. ಡಿ ಜೀನ್ 390ರಿಂದ 848ರವರೆಗೆ. ಇ ಜೀನ್ 568ರಿಂದ 843ರವರೆಗೆ. ಪೂರ್ತಿ ಡಿಯ ಒಳಗೇ, ಆದರೆ ಒಂದು ಅಕ್ಷರ ಸರಿದ ಎಣಿಕೆಯಲ್ಲಿ. ಒಂದೇ ಸಾಲನ್ನು ಒಂದು ಎಣಿಕೆಯಲ್ಲಿ ಓದಿದರೆ ಫೇಜಿನ ಕವಚ ಕಟ್ಟುವಾಗ ಸಾರುವೆಯಂತೆ ನಿಲ್ಲುವ ಡಿ ಪ್ರೋಟೀನ್, ಇನ್ನೊಂದು ಎಣಿಕೆಯಲ್ಲಿ ಮನೆ ಕೆಡಹುವ ಇ ಪ್ರೋಟೀನ್. ಕಟ್ಟುವುದೂ ಕೆಡಹುವುದೂ ಅದೇ ಅಕ್ಷರಗಳಲ್ಲಿ. ಎಷ್ಟು ವರ್ಷ ಪಾಠ ಮಾಡಿದರೂ ಈ ಜಾಗಕ್ಕೆ ಬಂದಾಗ ನನಗೆ ಮೈ ಜುಮ್ಮೆನ್ನುತ್ತದೆ.

ಇದು ಗೊತ್ತಾದದ್ದು ಹೇಗೆ ಎನ್ನುವುದರಲ್ಲೇ ನನ್ನ ವಾದದ ತಿರುಳಿದೆ. ಕೇಂಬ್ರಿಡ್ಜಿನ ಫ್ರೆಡರಿಕ್ ಸ್ಯಾಂಗರ್ ಮತ್ತು ಸಂಗಡಿಗರು ಫೈ ಎಕ್ಸ್ 174ರ ಜೀನೋಮನ್ನು 1977ರಲ್ಲಿ ಪ್ರಕಟಿಸಿದರು. ಒಂದು ಜೀವಿಯ ಅಥವಾ ವೈರಸ್ಸಿನ ಡಿಎನ್‌ಎ ಅಕ್ಷರಮಾಲೆಯನ್ನು ಪೂರ್ತಿಯಾಗಿ ಓದಿದ್ದು ಅದೇ ಮೊದಲು. ಅದಕ್ಕೆ ಒಂದು ವರ್ಷ ಹಿಂದೆ ಬೆಲ್ಜಿಯಂನ ಘೆಂಟ್‌ನಲ್ಲಿ ವಾಲ್ಟರ್ ಫಿಯರ್ಸ್ ಅವರ ತಂಡ ಎಂಎಸ್2 ಎಂಬ ಇನ್ನೊಂದು ಫೇಜಿನ 3,569 ಅಕ್ಷರಗಳ ಆರ್‌ಎನ್‌ಎಯನ್ನು ಓದಿ ಮುಗಿಸಿತ್ತು. ಸ್ಯಾಂಗರ್ ಮೊದಲು ಕೊಟ್ಟ ಲೆಕ್ಕ 5,375. ಮರುವರ್ಷವೇ ತಿದ್ದಿ 5,386 ಎಂದರು. ತಮ್ಮ ಓದನ್ನು ತಾವೇ ತಿದ್ದಿಕೊಂಡ ಆ ಹನ್ನೊಂದು ಅಕ್ಷರಗಳ ಬಗ್ಗೆ ನನಗೆ ಬಹಳ ಗೌರವ. ಅದಕ್ಕೂ ಮೊದಲೇ ಒಂದು ಒಗಟು ಕಾಡುತ್ತಿತ್ತು: ಈ ಫೇಜ್ ಮಾಡುವ ಪ್ರೋಟೀನುಗಳನ್ನೆಲ್ಲ ಕೂಡಿಸಿದರೆ, ಅವನ್ನು ಬರೆಯಲು ಬೇಕಾಗುವಷ್ಟು ಅಕ್ಷರ ಅದರ ಜೀನೋಮಿನಲ್ಲಿ ಇರಲಿಲ್ಲ. ಗಂಟಿಗಿಂತ ಸಾಮಾನು ಹೆಚ್ಚು. 1976ರಲ್ಲಿ ಬ್ಯಾರೆಲ್, ಏರ್ ಮತ್ತು ಹಚಿಸನ್ ಒಗಟು ಬಿಡಿಸಿ, ಇ ಜೀನ್ ಡಿಯ ಒಳಗಿದೆಯೆಂದು ತೋರಿಸಿದರು. ಅಕ್ಷರಗಳನ್ನಷ್ಟೇ ನೋಡುತ್ತಾ ಕೂತಿದ್ದರೆ ಅವರಿಗೆ ಅದು ಕಾಣುತ್ತಿರಲಿಲ್ಲ. ಬ್ಯಾಕ್ಟೀರಿಯಾವನ್ನು ಒಡೆಯಲಾರದ ಫೇಜಿನ ತಳಿಗಳನ್ನು ವರ್ಷಗಟ್ಟಲೆ ತಟ್ಟೆಗಳಲ್ಲಿ ಹುಡುಕಿ ಕಾಪಿಟ್ಟವರಿದ್ದರು. ಆ ದೋಷ ಜೀನೋಮಿನ ಯಾವ ಅಕ್ಷರದಲ್ಲಿದೆ ಎಂದು ಹುಡುಕಿಕೊಂಡು ಹೋದಾಗ ಅದು ಡಿಯ ನಟ್ಟನಡುವೆ ಸಿಕ್ಕಿತು, ಡಿ ಪ್ರೋಟೀನಿಗೆ ಮಾತ್ರ ಏನೂ ಆಗಿರಲಿಲ್ಲ. ಓದಿಗೆ ಅರ್ಥ ಬಂದದ್ದು ತಟ್ಟೆಯಿಂದ.

ಈಗಿನ ಮಾತಿಗೆ ಬರೋಣ. ಒಂದು ಫೇಜಿನ ಜೀನೋಮನ್ನು ಓದಿಸಲು ಇಂದು ಹೆಚ್ಚು ದಿನ ಬೇಕಿಲ್ಲ. ಹೊಸ ಹೊಸ ಫೇಜ್ ಜೀನೋಮುಗಳು ಸಾರ್ವಜನಿಕ ಭಂಡಾರಗಳಿಗೆ ಬಂದು ಬೀಳುತ್ತಲೇ ಇವೆ. ಯಾವುದನ್ನೇ ತೆರೆಯಿರಿ, ಜೀನ್‌ಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಒಂದೇ ಮಾತು: ಕಾರ್ಯ ತಿಳಿದಿಲ್ಲ. ಎಷ್ಟೋ ಫೇಜ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜೀನ್‌ಗಳ ಪಾಡು ಇದೇ. 1940ರ ದಶಕದಿಂದ ಎಡೆಬಿಡದೆ ಅಭ್ಯಾಸಕ್ಕೆ ಒಳಗಾದ, ಆಣ್ವಿಕ ಜೀವವಿಜ್ಞಾನದ ಅರ್ಧ ಪಾಠಗಳನ್ನು ಕಲಿಸಿಕೊಟ್ಟ ಟಿ4 ಫೇಜಿನ ಜೀನೋಮ್ 1,68,903 ಅಕ್ಷರಗಳದ್ದು, ಸುಮಾರು 300 ಜೀನ್‌ಗಳದ್ದು. 2003ರಲ್ಲಿ ಅದನ್ನು ಒಟ್ಟಾಗಿ ವಿಮರ್ಶಿಸಿದಾಗಲೂ ನೂರಕ್ಕೂ ಹೆಚ್ಚು ಜೀನ್‌ಗಳ ಮುಂದೆ ಇದೇ ಮಾತಿತ್ತು.

ನಮ್ಮ ಪರೀಕ್ಷೆಗಳಲ್ಲಿ 'ಗೊತ್ತಿಲ್ಲ' ಎಂದು ಬರೆದವರಿಗೆ ಅಂಕವಿಲ್ಲ. ಹನ್ನೆರಡು ಹದಿನೈದು ವರ್ಷ ಹಾಗೆ ಬೆಳೆದು ಬಂದ ಮಕ್ಕಳ ಕೈ ಖಾಲಿ ಜಾಗ ಕಂಡರೆ ಏನಾದರೂ ತುಂಬಲು ತವಕಿಸುತ್ತದೆ. ಒಂದು ಪ್ರೋಟೀನು ಇನ್ನಾವುದನ್ನೋ ಕಾಲು ಭಾಗ ಹೋಲಿತು, ಆ ಇನ್ನಾವುದಕ್ಕೋ ಯಾರೋ 'ಕಿಣ್ವ' ಎಂದು ಹೆಸರಿಟ್ಟಿದ್ದರು, ಇವರೂ ಅದನ್ನೇ ಬರೆದರು. ಮುಂದೆ ಬಂದವರು ಇವರದನ್ನು ನೋಡಿ ಬರೆದರು. ಹೀಗೆ ಒಬ್ಬರ ಊಹೆ ನಾಲ್ಕು ಕೈ ದಾಟುವಷ್ಟರಲ್ಲಿ ಸಾಕ್ಷಿಯಾಗಿ ಬಿಡುತ್ತದೆ. ನೋಡದೆ ಮುಂದೆ ದಾಟಿಸುವುದಕ್ಕೆ ಫೈ ಎಕ್ಸ್ 174ರದೇ ಒಂದು ಉದಾಹರಣೆಯಿದೆ. ಇಲ್ಯುಮಿನಾ ಕಂಪನಿಯ ಯಂತ್ರಗಳಲ್ಲಿ ಡಿಎನ್‌ಎ ಓದಿಸುವಾಗ, ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಲು ಗೊತ್ತಿರುವ ಡಿಎನ್‌ಎ ಒಂದಿಷ್ಟನ್ನು ಬೆರೆಸುತ್ತಾರೆ. ಬೆರೆಸುವುದು ಇದೇ ಫೇಜಿನ ಡಿಎನ್‌ಎ. ಓದಾದ ಮೇಲೆ ಅದನ್ನು ಸೋಸಿ ತೆಗೆಯಬೇಕು. 2015ರಲ್ಲಿ ಪರಿಶೀಲಿಸಿದಾಗ ಸಾರ್ವಜನಿಕ ಭಂಡಾರಗಳಲ್ಲಿದ್ದ ಸಾವಿರಕ್ಕೂ ಹೆಚ್ಚು ಸೂಕ್ಷ್ಮಜೀವಿ ಜೀನೋಮುಗಳಲ್ಲಿ ಅದು ಸೋಸದೆ ಹಾಗೇ ಉಳಿದಿತ್ತು. ಅಂದರೆ ಆ ಜೀನೋಮುಗಳನ್ನು ಕಣ್ಣಿಟ್ಟು ಓದಿದವರಿರಲಿಲ್ಲ.

ಹಾಗೆಂದು 'ಗೊತ್ತಿಲ್ಲ' ಎನ್ನುವುದು ಕೈಚೆಲ್ಲಿ ಕೂರುವ ಮಾತೂ ಅಲ್ಲ. ಹೋಲಿಕೆ ಸಿಗದಿದ್ದರೂ ಓದು ಮುಂದೆ ಸಾಗುವ ದಾರಿಗಳಿವೆ, ಅವುಗಳಲ್ಲಿ ನನಗೆ ಅತಿ ಪ್ರಿಯವಾದದ್ದು ಬಾಲದ ಅಳತೆಯದು. ಉದ್ದ ಬಾಲದ ಫೇಜ್‌ಗಳಲ್ಲಿ ಆ ಬಾಲ ಎಷ್ಟುದ್ದ ಬೆಳೆಯಬೇಕೆಂದು ತೀರ್ಮಾನಿಸುವ ಒಂದು ಪ್ರೋಟೀನಿದೆ. ಅದು ತಾನೇ ನೂಲಿನಂತೆ ಚಾಚಿಕೊಂಡು ನಿಲ್ಲುತ್ತದೆ, ಸುತ್ತ ಬಾಲದ ಉಂಗುರಗಳು ಒಂದರ ಮೇಲೊಂದು ಕೂರುತ್ತಾ ಹೋಗುತ್ತವೆ, ನೂಲು ಮುಗಿದಲ್ಲಿಗೆ ಬಾಲವೂ ಮುಗಿಯುತ್ತದೆ. 1984ರಲ್ಲಿ ಕಾತ್ಸುರಾ ಮತ್ತು ಹೆಂಡ್ರಿಕ್ಸ್ ಲ್ಯಾಂಬ್ಡಾ ಫೇಜಿನಲ್ಲಿ ಈ ಜೀನಿನ ನಡುವಿನಿಂದ ಒಂದಿಷ್ಟು ಕತ್ತರಿಸಿ ತೆಗೆದರು. ಎಷ್ಟು ಕತ್ತರಿಸಿದರೋ ಅದಕ್ಕೆ ತಕ್ಕಂತೆ ಬಾಲ ಗಿಡ್ಡವಾಯಿತು. ಒಂದು ಅಮೈನೊ ಆಮ್ಲಕ್ಕೆ ಸುಮಾರು 0.15 ನ್ಯಾನೊಮೀಟರ್ ಬಾಲ. ದರ್ಜಿಯ ಟೇಪಿನ ಹಾಗೆ ಕೆಲಸ ಮಾಡುವುದರಿಂದ ಇದಕ್ಕೆ ಅಳತೆಪಟ್ಟಿ ಪ್ರೋಟೀನ್ ಎಂದೇ ಹೆಸರು ಬಿದ್ದಿದೆ. ಇಂಥ ಫೇಜ್‌ಗಳಲ್ಲಿ ಎಲ್ಲಕ್ಕಿಂತ ಉದ್ದನೆಯ ಜೀನ್ ಸಾಮಾನ್ಯವಾಗಿ ಇದೇ. ಆದ್ದರಿಂದ ಹೊಸ ಫೇಜಿನ ಪಟ್ಟಿಯಲ್ಲಿ ಅತಿ ಉದ್ದದ ಜೀನನ್ನು ಹುಡುಕಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರದಲ್ಲಿ ಸ್ಕೇಲ್ ಇಟ್ಟು ಬಾಲ ಅಳೆದರೆ, ಎರಡೂ ಲೆಕ್ಕ ಸರಿಸುಮಾರು ಕೂಡಬೇಕು. ಅಕ್ಷರಗಳಲ್ಲಿ ಬರೆದ ಉದ್ದ ಕಣ್ಣಿಗೆ ಕಾಣುವ ಉದ್ದವಾಗಿ ನಿಲ್ಲುವ ಇಂಥ ಜಾಗ ಜೀವಶಾಸ್ತ್ರದಲ್ಲಿ ತೀರ ಕಡಿಮೆ.

ಅದರ ಪಕ್ಕದಲ್ಲೇ ಇನ್ನೊಂದು ಸೋಜಿಗ. ಲ್ಯಾಂಬ್ಡಾದ ಅಳತೆಪಟ್ಟಿ ಜೀನಿಗೆ ಸ್ವಲ್ಪ ಹಿಂದೆ ಜಿ ಮತ್ತು ಟಿ ಎಂದು ಕರೆಯುವ ಎರಡು ಜೀನ್ ತುಣುಕುಗಳಿವೆ. ಜಿಯನ್ನು ಓದಿ ಪ್ರೋಟೀನ್ ಕಟ್ಟುತ್ತಾ ಬರುವ ರೈಬೋಸೋಮ್ ಜಾರುಮಣೆಯಂಥ ಒಂದು ಜಾಗದಲ್ಲಿ ನೂರಕ್ಕೆ ಸುಮಾರು ನಾಲ್ಕು ಸಲ ಒಂದು ಅಕ್ಷರ ಹಿಂದಕ್ಕೆ ಜಾರುತ್ತದೆ. ಜಾರಿದಾಗ ಜಿ ಮತ್ತು ಟಿ ಬೆಸೆದುಕೊಂಡು ಒಂದೇ ಉದ್ದ ಪ್ರೋಟೀನ್ ಆಗುತ್ತದೆ. ಇದು ಕಣ್ತಪ್ಪಲ್ಲ; ಜಾರುವುದೂ ಬೇಕು, ಇಷ್ಟೇ ಸಲ ಜಾರುವುದೂ ಬೇಕು, ಆ ಅನುಪಾತ ಕೆಟ್ಟರೆ ಬಾಲ ಸರಿಯಾಗಿ ಕಟ್ಟುವುದಿಲ್ಲ. ಹೋಲಿಕೆಯೇ ಇಲ್ಲದ ಎಷ್ಟೋ ಫೇಜ್‌ಗಳಲ್ಲೂ ಇದೇ ಜಾಗದಲ್ಲಿ ಇದೇ ಜಾರುವಿಕೆ ಕಂಡಿದೆ. ಓದುವವರು ಅಲ್ಲಿಗೆ ಬಂದಾಗ ನಿಂತು ಹುಡುಕಬೇಕು. ಹುಡುಕದಿದ್ದರೆ ಎರಡು ಬಿಡಿ ಜೀನ್‌ಗಳೆಂದು ಬರೆದು ಮುಂದೆ ಹೋಗಿಬಿಡುತ್ತಾರೆ.

ಇಷ್ಟು ತಾಳ್ಮೆಯ ಓದು ಯಾರಿಗೆ ಬೇಕು ಎಂದು ಕೇಳುವವರಿದ್ದಾರೆ. ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಬೇಕು.

ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ 2010ರಲ್ಲಿ ಲಿಲಿ ಹೋಲ್ಸ್ಟ್ ಎಂಬ ವಿದ್ಯಾರ್ಥಿನಿ ಕೊಳೆತ ಬದನೆಕಾಯಿಯೊಂದರಿಂದ ಒಂದು ಫೇಜನ್ನು ಬೇರ್ಪಡಿಸಿದಳು. ಅದಕ್ಕೆ ಮಡ್ಡಿ ಎಂದು ಹೆಸರಿಟ್ಟರು. ಇಂಗ್ಲಿಷಿನಲ್ಲಿ ಅದರ ಅರ್ಥ ಕೆಸರುಕೆಸರಾದದ್ದು. ಎಣ್ಣೆಯ ತಳದಲ್ಲಿ ನಿಲ್ಲುವ ನಮ್ಮ ಮಡ್ಡಿಗೆ ದೂರದ್ದೇನಲ್ಲ. ಆ ಫೇಜ್ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಗ್ರಹಾಂ ಹ್ಯಾಟ್‌ಫುಲ್ ಅವರ ಸಂಗ್ರಹ ಸೇರಿತು. ಹೆಚ್ಚಾಗಿ ವಿದ್ಯಾರ್ಥಿಗಳೇ ಮಣ್ಣು, ಗೊಬ್ಬರಗಳಲ್ಲಿ ಹುಡುಕಿ ಕೊಟ್ಟ ಹತ್ತು ಸಾವಿರಕ್ಕೂ ಹೆಚ್ಚು ಫೇಜ್‌ಗಳು ಅಲ್ಲಿದ್ದವು. ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಆಸ್ಪತ್ರೆಯಲ್ಲಿ ಶ್ವಾಸಕೋಶದ ಕಸಿ ಮಾಡಿಸಿಕೊಂಡ 15 ವರ್ಷದ ಹುಡುಗಿಯೊಬ್ಬಳಿಗೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಎಂಬ, ಕ್ಷಯದ ಬ್ಯಾಕ್ಟೀರಿಯಾದ ಬಳಗದ ಸೋಂಕು ಮೈಯೆಲ್ಲ ಹರಡಿತು. ಆಂಟಿಬಯಾಟಿಕ್ ಯಾವುದೂ ನಾಟಲಿಲ್ಲ. ಆ ಸಂಗ್ರಹದಲ್ಲಿ ಹುಡುಕಿದಾಗ ಅವಳ ಬ್ಯಾಕ್ಟೀರಿಯಾವನ್ನು ಚೆನ್ನಾಗಿ ಕೊಲ್ಲುವ ಫೇಜ್ ಸಿಕ್ಕಿದ್ದು ಒಂದೇ, ಮಡ್ಡಿ. ಒಂದರಿಂದ ಸಾಲದು, ಬ್ಯಾಕ್ಟೀರಿಯಾ ಬೇಗ ತಪ್ಪಿಸಿಕೊಳ್ಳುವುದನ್ನು ಕಲಿಯುತ್ತದೆ.

ಬಿಪಿಎಸ್, ಝೋಯಿಜೆ ಎಂಬ ಇನ್ನೆರಡು ಇದ್ದವು. ಆದರೆ ಅವು ಕೊಲ್ಲುವುದಕ್ಕಿಂತ ಅಡಗುವ ಜಾತಿಯವು. ಇಂಥ ಫೇಜ್ ಬ್ಯಾಕ್ಟೀರಿಯಾದ ಕ್ರೋಮೋಸೋಮಿಗೆ ತನ್ನ ಜೀನೋಮನ್ನು ಸೇರಿಸಿ ತೆಪ್ಪಗೆ ಕೂರುತ್ತದೆ. ಹಾಗೆ ಕೂತ ಫೇಜ್ ರೋಗಿಗೆ ಉಪಕಾರ ಮಾಡುವುದಿಲ್ಲ, ಅಪಕಾರವನ್ನೂ ಮಾಡಬಹುದು. ಕಾಲರಾ ಬ್ಯಾಕ್ಟೀರಿಯಾದ ವಿಷದ ಜೀನ್ ಒಂದು ಫೇಜಿನದು ಎಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲನೋಸ್ ತೋರಿಸಿದರು. ಡಿಫ್ತೀರಿಯಾದ ವಿಷವೂ ಫೇಜಿನ ಕೊಡುಗೆಯೇ. ಆದ್ದರಿಂದ ಅಡಗುವ ಫೇಜನ್ನು ಇದ್ದ ಹಾಗೆ ಔಷಧಿಯಾಗಿ ಕೊಡುವಂತಿಲ್ಲ. ಹ್ಯಾಟ್‌ಫುಲ್ ತಂಡದವರಿಗೆ ಆ ಎರಡು ಜೀನೋಮುಗಳಲ್ಲಿ ಅಡಗಿಸುವ ಜೀನ್ ಯಾವುದೆಂದು ಗೊತ್ತಿತ್ತು. ಫೇಜಿನ ಉಳಿದ ಜೀನ್‌ಗಳ ಬಾಯಿ ಮುಚ್ಚಿಸಿ ಕೂರಿಸುವ ಈ ಜೀನಿಗೆ ರೆಪ್ರೆಸರ್ ಎನ್ನುತ್ತಾರೆ. ಝೋಯಿಜೆಯಲ್ಲಿ ಅದು 45ನೇ ಜೀನ್, ಬಿಪಿಎಸ್‌ನಲ್ಲಿ 33ನೆಯದು. ಆ ಜೀನನ್ನು ಕೆಡಿಸಿದರು. ಅಡಗಲು ಬಾರದ ಫೇಜ್‌ಗೆ ಕೊಲ್ಲುವ ದಾರಿಯೊಂದೇ ಉಳಿಯಿತು. 2018ರ ಜೂನ್‌ನಲ್ಲಿ ಮೂರು ಫೇಜ್‌ಗಳ ಮಿಶ್ರಣವನ್ನು ರಕ್ತನಾಳಕ್ಕೆ ಕೊಡಲು ತೊಡಗಿದರು. ತಿಂಗಳುಗಳಲ್ಲಿ ಎದೆಯ ಗಾಯ ಮಾಗಿತು, ಯಕೃತ್ತಿನ ಸ್ಥಿತಿ ಸುಧಾರಿಸಿತು, ಚರ್ಮದ ಗಂಟುಗಳು ಬಹುಮಟ್ಟಿಗೆ ಇಳಿದವು. ಪೂರ್ತಿ ಗುಣವಾಯಿತೆಂದು ವೈದ್ಯರು ಹೇಳಲಿಲ್ಲ. ಆಮೇಲೆ ಇದೇ ಬಗೆಯ ಸೋಂಕಿನ 20 ರೋಗಿಗಳಿಗೆ ಫೇಜ್ ಕೊಟ್ಟ ವರದಿ 2022ರಲ್ಲಿ ಬಂದಾಗ ಒಳ್ಳೆಯ ಫಲ ಕಂಡವರು 11 ಮಂದಿ. ಪವಾಡವೆಂದು ಹೊಗಳುವುದಾಗಲಿ ಭ್ರಮೆಯೆಂದು ತಳ್ಳಿಹಾಕುವುದಾಗಲಿ ಆ ಸಂಖ್ಯೆಗೆ ಮಾಡುವ ಅನ್ಯಾಯ. ಬೇರೆ ದಾರಿ ಮುಗಿದವರ ಪೈಕಿ ಹನ್ನೊಂದು.

ಬಿಪಿಎಸ್‌ನ ರೆಪ್ರೆಸರ್ ಬಗ್ಗೆ ಇನ್ನೂ ಒಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗದು. ಈ ಫೇಜ್ ಕ್ರೋಮೋಸೋಮಿಗೆ ಸೇರಿಕೊಳ್ಳುವ ಕೊಂಡಿ ಇರುವುದು ರೆಪ್ರೆಸರ್ ಜೀನಿನ ಒಳಗೇ. ಸೇರುವಾಗ ಜೀನ್ ಅಲ್ಲೇ ತುಂಡಾಗಿ ಬಾಲ ಕಳಚುತ್ತದೆ. ಬಾಲವಿರುವ ಪ್ರೋಟೀನನ್ನು ಬ್ಯಾಕ್ಟೀರಿಯಾ ಬೇಗ ಅರಗಿಸಿಬಿಡುತ್ತದೆ. ಬಾಲ ಕಳಚಿದ್ದು ಬಾಳುತ್ತದೆ, ಬಾಳಿ ಫೇಜನ್ನು ಅಡಗಿಸಿಡುತ್ತದೆ. ಅಂದರೆ ತುಂಡಾದರೆ ಮಾತ್ರ ಕೆಲಸ ಮಾಡುವ ಜೀನ್. ಫೇಜಿನೊಳಗಿರುವಾಗ ಅದಕ್ಕೆ ಒಂದು ಪಾಠ, ಬ್ಯಾಕ್ಟೀರಿಯಾದೊಳಗೆ ಸೇರಿದಾಗ ಇನ್ನೊಂದು ಪಾಠ. ಪಟ್ಟಿಯಲ್ಲಿ 'ರೆಪ್ರೆಸರ್' ಎಂಬ ಒಂದು ಪದ ಬರೆದು ಮುಗಿಸಿದವರಿಗೆ ಇದು ತಿಳಿಯುವುದೇ ಇಲ್ಲ.

ಯಂತ್ರಗಳು ದಿನದಿನಕ್ಕೆ ಜಾಣವಾಗುತ್ತಿವೆಯಲ್ಲ, ನಾಳೆ ಇದನ್ನೆಲ್ಲ ಅವೇ ಓದುತ್ತವೆ ಎಂಬ ಆಕ್ಷೇಪ ಹಗುರವಾದದ್ದಲ್ಲ. 2025ರಲ್ಲಿ ಅಮೆರಿಕದ ಆರ್ಕ್ ಇನ್‌ಸ್ಟಿಟ್ಯೂಟ್ ಮತ್ತು ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಜೀನೋಮುಗಳನ್ನು ಓದಿ ಕಲಿತ ಕೃತಕ ಬುದ್ಧಿಮತ್ತೆಯ ಮಾದರಿಯಿಂದ ಫೈ ಎಕ್ಸ್ 174ನ್ನು ಹೋಲುವ ಹೊಸ ಜೀನೋಮುಗಳನ್ನೇ ಬರೆಸಿದರು. ಸುಮಾರು 300ನ್ನು ತಯಾರಿಸಿ ಬ್ಯಾಕ್ಟೀರಿಯಾದ ಮೇಲೆ ಪರೀಕ್ಷಿಸಿದಾಗ 16 ಜೀವಂತ ಫೇಜ್‌ಗಳಾದವು. ಯಂತ್ರ ಓದುವುದಿರಲಿ, ಬರೆಯುತ್ತಲೇ ಇದೆ. ಇದು ದೊಡ್ಡ ಸಾಧನೆ, ನನ್ನ ವಿದ್ಯಾರ್ಥಿಗಳಿಗೆ ಸಂಭ್ರಮದಿಂದಲೇ ಹೇಳಿದ್ದೇನೆ. ಆ ಸಂಶೋಧಕರು ಎಲ್ಲಿ ತಡೆದು ನಿಂತರು ಎನ್ನುವುದನ್ನೂ ಹೇಳಿದ್ದೇನೆ. ಒಂದರೊಳಗೊಂದು ಕೂತ ಜೀನ್‌ಗಳನ್ನು ಸಾಮಾನ್ಯ ತಂತ್ರಾಂಶಗಳು ಬಿಟ್ಟುಬಿಡುವುದರಿಂದ, ಈ ಫೇಜಿನ ಹನ್ನೊಂದೂ ಜೀನ್‌ಗಳನ್ನು ಗುರುತಿಸಲು ಅವರು ಬೇರೆಯೇ ವಿಧಾನ ಕಟ್ಟಿಕೊಳ್ಳಬೇಕಾಯಿತು. ಅದು ಸಾಧ್ಯವಾದದ್ದು ಇ ಅಲ್ಲಿದೆ, ಬಿ ಇಲ್ಲಿದೆ ಎಂದು ಐವತ್ತು ವರ್ಷದ ಹಿಂದೆಯೇ ಮನುಷ್ಯರು ಓದಿಟ್ಟಿದ್ದರಿಂದ. ಹಾಗೆ ಓದಿಡದ ಜೀನೋಮುಗಳ ಪಾಡೇನು? ಯಂತ್ರಕ್ಕೆ ಕಲಿಸಲು ನಾವು ಇಟ್ಟಿರುವ ಪುಸ್ತಕದಲ್ಲಿ ಅರ್ಧ ಪುಟಗಳು 'ತಿಳಿದಿಲ್ಲ' ಎನ್ನುತ್ತವೆ, ಕೆಲವು ಪುಟಗಳು ತಪ್ಪು ಹೇಳುತ್ತವೆ. ಮತ್ತೆ, ಆ ಮುನ್ನೂರರಲ್ಲಿ ಯಾವ ಹದಿನಾರು ಬದುಕುತ್ತವೆಂದು ಕೊನೆಗೆ ತೀರ್ಮಾನಿಸಿದ್ದು ಬ್ಯಾಕ್ಟೀರಿಯಾ.

ಫೇಜ್‌ಗಳ ಓದು ನಮ್ಮಲ್ಲಿ ಹೊಸ ಕನಸಾಗಬೇಕಿಲ್ಲ. ಗಂಗಾ ಯಮುನೆಗಳ ನೀರಿನಲ್ಲಿ ಕಾಲರಾ ಬ್ಯಾಕ್ಟೀರಿಯಾವನ್ನು ಕೊಲ್ಲುವ ಏನೋ ಇದೆ, ಕುದಿಸಿದರೆ ಅದು ಹೋಗುತ್ತದೆ ಎಂದು ಆಗ್ರಾದಲ್ಲಿದ್ದ ಅರ್ನೆಸ್ಟ್ ಹ್ಯಾಂಕಿನ್ 1896ರಲ್ಲೇ ಬರೆದಿದ್ದರು. ಅದು ಫೇಜ್ ಇದ್ದಿರಬಹುದೆಂದು ಆಮೇಲೆ ಬಂದವರು ಊಹಿಸಿದರು. ಬೆಂಗಳೂರಿನ ಗಂಗಾಜೆನ್ ಸಂಸ್ಥೆಯ ವಿಜ್ಞಾನಿಗಳು ಸ್ಟ್ಯಾಫಿಲೊಕಾಕಸ್‌ನ್ನು ಹಿಡಿಯುವ ಫೇಜ್ ಕೆ ಎಂಬುದರ ಜೀನೋಮಿನಲ್ಲಿ ಬಾಲಕ್ಕೆ ಸೇರಿದ 56ನೇ ಜೀನನ್ನು ಆರಿಸಿಕೊಂಡು, ಅದರ ಕೋಶಭಿತ್ತಿ ಕೊರೆಯುವ ಭಾಗವನ್ನು ಬೇರ್ಪಡಿಸಿದರು. ಅದಕ್ಕೆ ಲೈಸೋಸ್ಟಾಫಿನ್ ಎಂಬ ಇನ್ನೊಂದು ಪ್ರೋಟೀನಿನ ಅಂಟಿಕೊಳ್ಳುವ ಭಾಗವನ್ನು ಬೆಸೆದು, ಪಿ128 ಎಂಬ ಔಷಧ-ಪ್ರೋಟೀನನ್ನು ರೂಪಿಸಿ 2011ರಲ್ಲಿ ವರದಿ ಮಾಡಿದರು. ಒಂದು ಜೀನಿನ ಯಾವ ತುಂಡು ಯಾವ ಕೆಲಸ ಮಾಡುತ್ತದೆಂದು ಹದವಾಗಿ ಓದಿದ್ದರ ಫಲ ಅದು. ಇತ್ತ ಆಂಟಿಬಯಾಟಿಕ್ ನಾಟದ ಸೋಂಕುಗಳು ನಮ್ಮ ಐಸಿಯುಗಳಲ್ಲಿ ದಿನನಿತ್ಯದ ಮಾತಾಗಿವೆ. ಫೇಜ್ ಚಿಕಿತ್ಸೆಗೆಂದು ಜಾರ್ಜಿಯಾದ ಟಿಬಿಲಿಸಿಗೆ ಇಲ್ಲಿಂದಲೂ ಜನ ಹೋಗುತ್ತಾರೆ. ಅಲ್ಲಿನ ಎಲಿಯಾವ ಸಂಸ್ಥೆ 1923ರಿಂದ ಫೇಜ್‌ಗಳನ್ನು ಕೂಡಿಟ್ಟುಕೊಂಡು ಬಂದಿದೆ. ನಮ್ಮ ರೋಗಿಗಳ ಬ್ಯಾಕ್ಟೀರಿಯಾಗಳಿಗೆ ನಮ್ಮ ಚರಂಡಿ, ಕೆರೆ, ಗೊಬ್ಬರದ ಗುಂಡಿಗಳ ಫೇಜ್‌ಗಳಷ್ಟು ಹತ್ತಿರದವು ಬೇರೆಲ್ಲೂ ಸಿಗಲಾರವು. ಅವನ್ನು ಹುಡುಕಿ, ಓದಿ, ಅಡಗುವುದು ಯಾವುದು ಒಡೆಯುವುದು ಯಾವುದು, ವಿಷದ ಜೀನ್ ಹೊತ್ತದ್ದು ಯಾವುದು ಎಂದು ಗುರುತು ಮಾಡಿ ಇಟ್ಟರೆ ತಾನೇ ವೈದ್ಯರು ಕೈಚಾಚಿದಾಗ ಕೊಡಲು ಏನಾದರೂ ಇರುವುದು?

ಈ ಕೆಲಸ ದೊಡ್ಡ ಸಂಸ್ಥೆಗಳಿಂದ ಮಾತ್ರ ಸಾಧ್ಯ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಅಮೆರಿಕದಲ್ಲಿ ಹೊವರ್ಡ್ ಹ್ಯೂಸ್ ವೈದ್ಯಕೀಯ ಸಂಸ್ಥೆಯ ನೆರವಿನಿಂದ 2008ರಲ್ಲಿ ಶುರುವಾದ ಸೀ-ಫೇಜಸ್ ಕಾರ್ಯಕ್ರಮದಲ್ಲಿ ಮಣ್ಣು ತರುವುದರಿಂದ ಹಿಡಿದು ಜೀನೋಮಿಗೆ ಟಿಪ್ಪಣಿ ಬರೆಯುವವರೆಗೆ ಎಲ್ಲವನ್ನೂ ಮಾಡುವವರು ಕಾಲೇಜಿನ ಮೊದಲ ವರ್ಷದ ಮಕ್ಕಳು. ಅವರು ಹೆಚ್ಚಾಗಿ ಹಿಡಿಯುವುದು ರೋಗ ತರದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್‌ನ ಫೇಜ್‌ಗಳನ್ನು. ಬೇಕಾಗುವುದು ಇನ್‌ಕ್ಯುಬೇಟರ್, ಅಗರ್, ಫಿಲ್ಟರ್, ಪಿಪೆಟ್, ಒಂದು ಕಂಪ್ಯೂಟರ್. ಇವು ನಮ್ಮ ಬಹುಪಾಲು ಮೈಕ್ರೋಬಯಾಲಜಿ ವಿಭಾಗಗಳಲ್ಲಿ ಈಗಲೇ ಇವೆ. ಅಕ್ಷರ ಓದಿಸುವುದನ್ನು ಹೊರಗೆ ಕಳಿಸಿ ಮಾಡಿಸಬಹುದು. ಇಲ್ಲದಿರುವುದು ಸಮಯ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಅಂದವಾಗಿ ಬರೆಸುವುದಕ್ಕೇ ಎರಡು ಸೆಮಿಸ್ಟರ್ ಹೋಗುತ್ತದೆ. ಅದರಲ್ಲಿ ಒಂದನ್ನು ಬಿಟ್ಟುಕೊಟ್ಟು ಉತ್ತರ ಯಾರಿಗೂ ಗೊತ್ತಿರದ ಒಂದು ಫೇಜನ್ನು ಕೊಟ್ಟರೆ ಮಕ್ಕಳ ಮುಖ ಹೇಗಾಗುತ್ತದೆಂದು ನಾನು ಕಂಡಿದ್ದೇನೆ. ಒಂದು ಜೀನ್ ಎಲ್ಲಿ ಶುರುವಾಗುತ್ತದೆಂದು ಮೂವರು ಹುಡುಗರು ಊಟ ಬಿಟ್ಟು ಜಗಳವಾಡಿದ್ದಾರೆ. ಮೇಲಿನ ಜಿ-ಟಿ-ಜಿಯೋ, ಮೂವತ್ತು ಅಕ್ಷರ ಕೆಳಗಿನ ಎ-ಟಿ-ಜಿಯೋ? ರೈಬೋಸೋಮ್ ಹಿಡಿದುಕೊಳ್ಳಲು ಬೇಕಾದ ಜಿ-ಎ-ಜಿ-ಜಿಯಂಥ ಗುರುತು ಯಾವುದರ ಹಿಂದೆ ಚೆನ್ನಾಗಿದೆ? ಹಿಂದಿನ ಜೀನಿಗೆ ಸಂಧಿ ಯಾವುದರಿಂದ ಕೂಡುತ್ತದೆ? ನನ್ನನ್ನು ಕೇಳಿದರು. ನನಗೂ ಗೊತ್ತಿಲ್ಲ ಎಂದೆ. ಎರಡೂ ವಾದಗಳನ್ನು ಕಾರಣ ಸಮೇತ ಬರೆದಿಡಿ ಎಂದೆ.

ಇ ಜೀನ್ ಇಲ್ಲವಲ್ಲ ಎಂದು ಕೇಳಿದ ಹುಡುಗಿಯ ಗುಂಪು ಕಾಲೇಜಿನ ತೋಟದ ಎಲೆಗೊಬ್ಬರದ ಗುಂಡಿಯಿಂದ ಹಿಡಿಮಣ್ಣು ತಂದು ಸ್ಮೆಗ್ಮಾಟಿಸ್ ಮೇಲೆ ಹಚ್ಚಿತ್ತು. ಎರಡು ದಿನದ ಮೇಲೆ ತಟ್ಟೆಯಲ್ಲಿ ಪ್ಲೇಕ್ ಬಂದವು. ಅಂಚು ತಿಳಿ, ನಡುವೆ ಮಬ್ಬು. ಮಬ್ಬಿನಲ್ಲಿ ಸಾಯದೆ ಉಳಿದ ಬ್ಯಾಕ್ಟೀರಿಯಾ ಇದೆ ಎಂದರ್ಥ. ಬಹುಶಃ ಇದು ಅಡಗುವ ಜಾತಿಯದು. ಡಿಎನ್‌ಎ ಈಗ ಫ್ರೀಜರಿನಲ್ಲಿದೆ. ಅಕ್ಷರಗಳು ಬಂದ ದಿನ ಮೊದಲು ಏನು ಹುಡುಕಬೇಕೆಂದು ಅವಳು ಕೊಳವೆಯ ಮೇಲೆ ಅಂಟಿಸಿದ ಚೀಟಿಯಲ್ಲಿ ಬರೆದಿಟ್ಟಿದ್ದಾಳೆ: ರೆಪ್ರೆಸರ್ ಎಲ್ಲಿದೆ, ಅದರೊಳಗೆ ಏನಿದೆ.